ಸ್ಲ್ಯಾಬ್ ಹಾಕಿದ ರವಿವಾರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದು ನಾನಾಗಿ ಹೇಳುವ ಮಾತಲ್ಲ, ನಮ್ಮ ಮನೆಯವರಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರೂ ಹೇಳಿದ್ದು. ಪುಣೆಯ ಕನ್ನಡ ಶಾಲೆಯೊಂದರಲ್ಲಿ ಪಿ.ಟಿ. ಕಲಿಸುತ್ತಿದ್ದ ಕಾಲಕ್ಕೆ ಆ ಸಿಟ್ಟು ಬಹಳ ಉಪಯೋಗಕ್ಕೆ ಬಂತು. ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಯಾಕೆ ಎಂದು ಕೇಳಿದವರಿಗೆಲ್ಲ ಸಮಾಧಾನದಿಂದ ಉತ್ತರ ಕೊಡುತ್ತ ಕೂತಿದ್ದರೆ ಚೆಂಡಿಗೆ ಗಾಳಿ ತುಂಬಿಸಲಿಕ್ಕೂ ಹೊತ್ತು ಸಿಗುತ್ತಿರಲಿಲ್ಲ.

ಧಾರವಾಡದಲ್ಲಿ ಅಣ್ಣಂದಿರ ಜೊತೆ ಲಂಗ ಎತ್ತಿ ಕಟ್ಟಿ ಆಡಿ ಬೆಳೆದವಳು ನಾನು. ಮದುವೆಯಾಗಿ ಪುಣೆಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ನಮ್ಮವರಿಗೆ ಶಿವಾಜಿನಗರದ ಒಂದು ಕಚೇರಿಯಲ್ಲಿ ಕೆಲಸ. ನನ್ನ ಶಾಲೆಯೂ ಅಲ್ಲೇ ಸಮೀಪ. ಅಲ್ಲಿ ಎರಡು ಥರದ ಹುಡುಗಿಯರು ಬರುತ್ತಿದ್ದರು. ಒಂದು, ಬೆಳಗಾವಿ ಧಾರವಾಡದ ಕಡೆಯಿಂದ ಬಂದ ಬ್ಯಾಂಕಿನವರ, ಗುಮಾಸ್ತರ ಮಕ್ಕಳು. ಅವರು ಮರಾಠಿ ರೂಢಿಯಂತೆ ನನ್ನನ್ನು ‘ಬಾಯಿ’ ಎನ್ನುತ್ತಿದ್ದರು. ಇನ್ನೊಂದು, ಕಲಬುರ್ಗಿ ಯಾದಗಿರಿ ಕಡೆಯಿಂದ ಗುಂಪುಗುಂಪಾಗಿ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದವರ ಮಕ್ಕಳು. ಅವರಿಗೆ ನಾನು ‘ಅಕ್ಕೋರು’. ಈ ಎರಡನೆಯ ಥರದವರು ಒಂದು ಕಟ್ಟಡ ಮುಗಿಯುವವರೆಗೆ ಮಾತ್ರ ಶಾಲೆಗೆ ಬರುತ್ತಿದ್ದರು. ಕಟ್ಟಡ ಮುಗಿದರೆ ತಗಡಿನ ಜೋಪಡಿ ಬಿಚ್ಚಿ, ಮುಂದಿನ ಕಟ್ಟಡ ಎಲ್ಲಿದೆಯೋ ಅಲ್ಲಿಗೆ ಹೋಗಿಬಿಡುತ್ತಿದ್ದರು. ಹಾಜರಿ ಕೂಗುವಾಗ ಒಂದು ಬೆಳಿಗ್ಗೆ ಉತ್ತರ ಬರದಿದ್ದರೆ, ಅಷ್ಟೇ.

ನನ್ನ ತಂಡದ ಆಟ ಹೇಗಿತ್ತೆಂದರೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಚೆಂಡು ಎಲ್ಲಿದೆಯೋ ಅಲ್ಲಿ ಎಲ್ಲರೂ. ಚೆಂಡು ಸಿಕ್ಕವಳು ಅದನ್ನು ಬಿಡುತ್ತಿರಲಿಲ್ಲ, ತಲೆ ಬಗ್ಗಿಸಿ ಓಡುತ್ತಿದ್ದಳು, ಎದುರಿನವರು ಕಸಿದುಕೊಳ್ಳುತ್ತಿದ್ದರು. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. “ಕೊಡ್ರೇ! ಕೊಟ್ಟು ಮುಂದ ಓಡ್ರಿ!” ಬ್ಯಾಂಕಿನವರ ಮಗಳೊಬ್ಬಳು ಚೂಟಿಯಾಗಿದ್ದಳು, ಗೋಲಿನ ಮುಂದೆ ಚೆಂಡು ಬಂದರೆ ಬಿಡುತ್ತಿರಲಿಲ್ಲ. ಆದರೆ ಅವಳವರೆಗೆ ಚೆಂಡು ಬರಬೇಕಲ್ಲ? ಕೊಡುವ ಬುದ್ಧಿ ಯಾರಿಗೂ ಇರಲಿಲ್ಲ.

ಒಬ್ಬಳನ್ನು ಬಿಟ್ಟು.

ಅವಳು ಕಟ್ಟಡದ ಕೆಲಸದವರ ಮಗಳು. ಹದಿಮೂರರ ವಯಸ್ಸು, ಆರನೇ ಇಯತ್ತೆ. ಊರೂರು ತಿರುಗಿ ಎರಡು ವರ್ಷ ಹಿಂದೆ ಬಿದ್ದಿದ್ದಳು. ಕಡ್ಡಿಯಂಥ ಕಾಲು, ಎಣ್ಣೆ ಕಾಣದ ಕೂದಲು, ಮಾತು ಕಡಿಮೆ. ಅವಳ ಕಾಲಿಗೆ ಚೆಂಡು ಬಂದರೆ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ, ಬಂದಂತೆ ಹೊರಟುಹೋಗುತ್ತಿತ್ತು. ಅದೂ ಗೆಳತಿ ನಿಂತಲ್ಲಿಗಲ್ಲ, ಗೆಳತಿ ಓಡಿ ತಲುಪುವ ಜಾಗಕ್ಕೆ. ಎದುರಾಳಿಗಳ ಬೆನ್ನ ಹಿಂದಿನ ಖಾಲಿ ಜಾಗ ಅವಳಿಗೆ ಹೇಗೆ ಕಾಣುತ್ತಿತ್ತೋ. ನನ್ನ ಅಣ್ಣಂದಿರಿಗೂ ಅದು ಬರುತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

“ಯಾರ್ ಕಲಿಸಿದ್ರ ನಿನಗ?” ಎಂದು ಕೇಳಿದೆ.

“ಯಾರಿಲ್ರಿ ಅಕ್ಕೋರೆ. ಕೈಯಾಗ ಇಟ್ಕೊಂಡ್ರ ಬೈತಾರಲ್ರಿ, ಹಂಗೇ ರೂಢಿ ಆಗ್ಯಾದ.”

ಅದೇನೆಂದು ತಿಳಿಯಲು ನಾನು ಶಾಲೆಯ ಹಿಂದೆ ಏಳುತ್ತಿದ್ದ ಕಟ್ಟಡಕ್ಕೆ ಹೋಗಬೇಕಾಯಿತು. ಅಂದು ಸ್ಲ್ಯಾಬ್. ಅಂದರೆ ಮಹಡಿಯೊಂದರ ಛಾವಣಿಗೆ ಕಾಂಕ್ರೀಟು ಸುರಿಯುವ ದಿನ. ಈಗಿನ ಹಾಗೆ ಮೇಲೆತ್ತುವ ಯಂತ್ರಗಳು ಆಗ ಎಲ್ಲ ಕಡೆ ಇರಲಿಲ್ಲ. ಕೆಳಗೆ ಗಿರಗಿರ ತಿರುಗುವ ಮಿಕ್ಸರ್. ಅಲ್ಲಿಂದ ಬೊಂಬಿನ ಏಣಿಯ ಮೇಲೆ ಹೆಜ್ಜೆಗೊಬ್ಬರಂತೆ ಹೆಂಗಸರು, ಗಂಡಸರು, ಮಕ್ಕಳು. ತುಂಬಿದ ಘಮೇಲಾ, ಅಂದರೆ ಕಬ್ಬಿಣದ ಬುಟ್ಟಿ, ಕೈಯಿಂದ ಕೈಗೆ ಮೇಲೆ ಹೋಗುತ್ತದೆ. ಖಾಲಿಯಾದದ್ದು ಹಾರಿಕೊಂಡು ಕೆಳಗೆ ಬರುತ್ತದೆ. ಯಾರೂ ಬುಟ್ಟಿ ನೋಡುವುದಿಲ್ಲ. ಕೊಟ್ಟ ಕೈ ಮುಂದಿನದಕ್ಕೆ ಆಗಲೇ ಚಾಚಿರುತ್ತದೆ. ಒಬ್ಬರು ಒಂದು ಉಸಿರು ಹೆಚ್ಚು ಹಿಡಿದುಕೊಂಡರೆ ಕೆಳಗಿನವರ ಕೈ ಸೋಲುತ್ತದೆ, ಮೇಲಿನವರು ಸುಮ್ಮನೆ ನಿಲ್ಲುತ್ತಾರೆ, ಆಳುಗಳ ಮೇಸ್ತ್ರಿಯಾದ ಮುಕಾದಮನ ಬೈಗುಳ ಬೀಳುತ್ತದೆ. ಸ್ಲ್ಯಾಬ್ ಶುರುವಾದರೆ ಮುಗಿಯುವವರೆಗೆ ನಿಲ್ಲುವಂತಿಲ್ಲ, ನಡುವೆ ನಿಂತರೆ ಕಾಂಕ್ರೀಟು ಒಂದಕ್ಕೊಂದು ಬೆಸೆಯುವುದಿಲ್ಲ. ನನ್ನ ಹುಡುಗಿ ಏಣಿಯ ನಡುವೆ, ತಾಯಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು.

ಮಾರನೆಯ ದಿನವೇ ಮೈದಾನದಲ್ಲಿ ಇಡೀ ತಂಡವನ್ನು ಸಾಲಾಗಿ ನಿಲ್ಲಿಸಿದೆ. ಚೆಂಡು ಬರುವ ಮೊದಲೇ ಎಲ್ಲಿಗೆ ಕೊಡಬೇಕೆಂದು ನೋಡಿಟ್ಟುಕೊಳ್ಳಬೇಕು, ಬಂದದ್ದು ನಿಲ್ಲಬಾರದು, ಕೊಟ್ಟವಳು ಮುಂದಿನ ಖಾಲಿ ಜಾಗಕ್ಕೆ ಓಡಬೇಕು. ಹಿಡಿದುಕೊಂಡವಳು ಮೈದಾನಕ್ಕೆ ಒಂದು ಸುತ್ತು ಓಡಬೇಕು. ಗುಮಾಸ್ತರ ಮಕ್ಕಳು ಮೊದಮೊದಲು ಗೊಣಗಿದರು. “ಬಾಯಿ, ನಾವೇನು ಗೌಂಡಿ ಕೆಲಸ ಕಲೀಲಿಕ್ಕೆ ಬಂದೀವೇನ್ರಿ?” ಎಂದಳು ಬ್ಯಾಂಕಿನವರ ಮಗಳು. ಅವಳಿಗೆ ಎರಡು ಸುತ್ತು ಹೆಚ್ಚು ಓಡಿಸಿದೆ. ಮಳೆಗಾಲ ಕಳೆಯುವುದರೊಳಗೆ ಆ ಹುಡುಗಿಯರ ಆಟ ಎಷ್ಟು ಚೆಂದವಾಯಿತೆಂದರೆ, ಮೈದಾನದ ಪಕ್ಕ ಕಡಲೆ ಮಾರುವವನು ಗಿರಾಕಿಗಳನ್ನು ಮರೆತು ನೋಡುತ್ತಿದ್ದ. ನನಗೆ ಆಗ ಆದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ನಮ್ಮವರ ಎದುರೇ ಹೇಳಿದ್ದೇನೆ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಹೆಣ್ಣುಮಕ್ಕಳಿಗಾಗಿ ಹೊಸದಾಗಿ ಒಂದು ಕ್ರೀಡಾ ವಸತಿಶಾಲೆ ಶುರುವಾಗುತ್ತದೆ, ಶಾಲೆಗಳ ನಡುವೆ ಪಂದ್ಯ ಆಡಿಸಿ ತಂಡಕ್ಕೆ ಇಬ್ಬರಂತೆ ಆರಿಸುತ್ತಾರೆ. ಊಟ, ಬಟ್ಟೆ, ಓದು ಎಲ್ಲ ಅವರದೇ. ನನ್ನ ಕಣ್ಣ ಮುಂದೆ ಬಂದದ್ದು ಒಂದೇ ಮುಖ. ಯಾಕೆಂದರೆ ಶಾಲೆಯ ಹಿಂದಿನ ಕಟ್ಟಡಕ್ಕೆ ಇನ್ನು ಉಳಿದದ್ದು ಒಂದೇ ಸ್ಲ್ಯಾಬ್. ಅದಾದ ಮೇಲೆ ಅವಳ ತಂದೆತಾಯಿಯ ಗುಂಪು ಬಾರಾಮತಿಗೆ, ಸಕ್ಕರೆ ಕಾರ್ಖಾನೆಯ ಗೋದಾಮು ಕಟ್ಟಲು ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿ ಕಬ್ಬಿನ ಗದ್ದೆಯ ನಡುವೆ ಕನ್ನಡ ಶಾಲೆ ಎಲ್ಲಿಂದ ಬರಬೇಕು? ಅವಳು ಹೋದರೆ ಓದೂ ಮುಗಿಯಿತು, ಆಟವೂ ಮುಗಿಯಿತು.

ಜೋಪಡಿಗೆ ಹೋಗಿ ಮಾತಾಡಿದೆ. ತಂದೆ ಸುಲಭವಾಗಿ ಒಪ್ಪಿದ. “ಅನ್ನ, ಸಾಲಿ ಎಲ್ಡೂ ಕೊಡ್ತಾರಂದ್ರ ನಾ ಯಾಕ್ ಒಲ್ಲೆ ಅನ್ಲ್ರಿ?” ಎಂದ. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಚಡ್ಡಿ ಹಾಕಿಕೊಂಡು ಆಡಬೇಕಾ ಎಂದು ಕೇಳಿದಳು. ಮೊಣಕಾಲಿನವರೆಗೆ ಬರುತ್ತದೆ, ನಾನೇ ಹೊಲಿದು ಕೊಡುತ್ತೇನೆ ಎಂದೆ. “ಹೊಲೀರಿ ಹಂಗಾರ,” ಎಂದು ಮತ್ತೊಂದು ರೊಟ್ಟಿ ಬಡಿದಳು. ಅದೇ ಒಪ್ಪಿಗೆ. ಎದ್ದು ಬರುವಾಗ ಹುಡುಗಿ ನನ್ನ ಸೈಕಲ್ಲಿನವರೆಗೆ ಬಂದು, “ಅಕ್ಕೋರೆ, ಅಲ್ಲಿ ದಿನಾ ಆಡಸ್ತಾರೇನ್ರಿ? ಖರೇನ?” ಎಂದಳು. ಖರೆ ಎಂದೆ. ಅವಳು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಪಂದ್ಯ ರವಿವಾರಕ್ಕೆ ನಿಗದಿಯಾಯಿತು. ಸ್ಲ್ಯಾಬ್ ಅದಕ್ಕೆ ಮೊದಲೇ ಮುಗಿಯಬೇಕಿತ್ತು. ಆದರೆ ಆ ಕಾಲದಲ್ಲಿ ಸಿಮೆಂಟಿಗೆ ಸರಕಾರದ ಪರ್ಮಿಟ್ಟು ಬೇಕಿತ್ತು. ಬರುತ್ತದೆ ಎಂದ ದಿನ ಬರುತ್ತಿರಲಿಲ್ಲ. ಇಂದು ನಾಳೆ ಎನ್ನುತ್ತ ಶನಿವಾರ ಸಂಜೆ ಲಾರಿ ಬಂತು. ಕೆಟ್ಟ ಮಳೆಯೊಂದು ಮತ್ತೆ ಬರುವ ಹಾಗಿತ್ತು. ಗುತ್ತಿಗೆದಾರ ರವಿವಾರ ಬೆಳಿಗ್ಗೆಯೇ ಸ್ಲ್ಯಾಬ್ ಎಂದುಬಿಟ್ಟ.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮಿಕ್ಸರಿಗೆ ಕಾಯಿ ಒಡೆದು ಆಗಿತ್ತು. ಹುಡುಗಿ ತಲೆಗೆ ವಸ್ತ್ರ ಕಟ್ಟಿಕೊಂಡು ಏಣಿಯಲ್ಲಿ ನಿಂತಿದ್ದಳು. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದಳು. ನಾನು ಮುಕಾದಮನ ಜೊತೆ ಜಗಳಕ್ಕೆ ನಿಂತೆ. ಅವನು ಅವರದೇ ಊರಿನವನು, ಆ ಹುಡುಗಿಗೆ ಸಂಬಂಧದಲ್ಲಿ ಮಾವನಾಗಬೇಕು. ಕೆಟ್ಟವನಲ್ಲ.

“ಒಬ್ರು ಕಮ್ಮಿ ಆದ್ರ ಸಾಲು ಹರೀತದ್ರಿ ಅಕ್ಕೋರೆ. ಇವತ್ತ ಆಳು ಎಲ್ಲಿಂದ ತರ್ಲಿ? ನೀವೇ ನಿಲ್ತೀರೇನ್?” ಎಂದು ನಕ್ಕ.

ಚೇಷ್ಟೆಗೆ ಹೇಳಿದ ಮಾತು. ಆದರೆ ನನ್ನ ಸಿಟ್ಟು ನಿಮಗೆ ಗೊತ್ತಾಯಿತಲ್ಲ. “ನಿಲ್ತೀನಿ. ಸರೀರಿ,” ಎಂದೆ. ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ, ಹುಡುಗಿಯನ್ನು ಕೈ ಹಿಡಿದು ಇಳಿಸಿ ಅವಳ ಜಾಗದಲ್ಲಿ ನಿಂತೆ. ತಂಡವನ್ನು ಕರೆದುಕೊಂಡು ಹೋಗಲು ಗಣಿತದ ಮಾಸ್ತರರಿಗೆ ಅವಳ ಕೈಯಲ್ಲೇ ಹೇಳಿ ಕಳಿಸಿದೆ. ಆ ಸಾಧು ಮನುಷ್ಯನಿಗೆ ಫುಟ್‌ಬಾಲಿನ ಬಗ್ಗೆ ಗೊತ್ತಿದ್ದದ್ದು ಚೆಂಡು ದುಂಡಗಿರುತ್ತದೆ ಎಂಬುದೊಂದೇ. ಹುಡುಗಿ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹೋಗಲು ಕಾಲು ಬರುತ್ತಿರಲಿಲ್ಲ. “ಹೋಗ, ಕಲ್ಸಿದ್ಹಂಗ ಆಡು!” ಎಂದು ಮೇಲಿಂದ ಗದರಿದೆ. ಓಡಿದಳು.

ಆ ದಿನದ ಪಂದ್ಯವನ್ನು ನಾನು ನೋಡಲಿಲ್ಲ. ನೋಡಿದ್ದು ಬುಟ್ಟಿಗಳನ್ನು. ನನ್ನ ಕೆಳಗಿನ ಮೆಟ್ಟಿಲಲ್ಲಿ ಅವಳ ತಾಯಿ. “ಬುಟ್ಟಿ ನೋಡಬ್ಯಾಡ್ರಿ ಅಕ್ಕೋರೆ, ಕೈ ಚಾಚ್ರಿ, ಅದು ಬರ್ತದ,” ಎಂದು ಹೇಳಿಕೊಟ್ಟಳು. ಸಿಮೆಂಟಿನ ನೀರು ಮೊಣಕೈವರೆಗೆ ಇಳಿದು ಅಂಗೈ ಸುಡುತ್ತಿತ್ತು. ಬೆನ್ನು ಬಿದ್ದುಹೋಯಿತು ಎಂದುಕೊಂಡೆ, ಮತ್ತೂ ಬುಟ್ಟಿ ಬಂತು. ಮೇಲಿನವರು ನಗುತ್ತಿದ್ದರು. ಯಾರೋ ಹಾಡು ಕಟ್ಟಿ ‘ಸಾಲಿ ಅಕ್ಕೋರು ಏಣಿ ಏರ್ಯಾರ’ ಎಂದು ಎಳೆದರು. ನನಗೂ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ತಾಯಿ ಕೆಳದನಿಯಲ್ಲಿ ಕೇಳಿದಳು.

“ಅಕ್ಕೋರೆ, ಆಕಿ ಅಲ್ಲಿ ಸೇರಿದ್ರ ನಂಗ ಮತ್ತ ಎಂದ ಸಿಗ್ತಾಳ್ರಿ?”

“ದೀಪಾವಳಿ ಸೂಟಿಗೆ ಮನೀಗೆ ಬಿಡ್ತಾರ.”

“ಆವಾಗ ನಮ್ ಮನಿ ಯಾ ಊರಾಗ ಇರ್ತದೋ ಯಾರಿಗ್ ಗೊತ್ರಿ?”

ಎಲ್ಲಿದ್ದರೂ ನಾನೇ ಹುಡುಕಿಕೊಂಡು ಕರೆದು ತರುತ್ತೇನೆ ಎಂದೆ. ಅವಳು ಎರಡು ಬುಟ್ಟಿ ಮೇಲೆ ದಾಟಿಸಿದಳು. ಆಮೇಲೆ, “ಹೋಗ್ಲಿ ಬಿಡ್ರಿ. ನನ್ಹಂಗ ಏಣಿ ಮ್ಯಾಲ ನಿಲ್ಲೂದ್ ತಪ್ಪಿದ್ರ ಸಾಕ್ರಿ,” ಎಂದಳು. ಬುಟ್ಟಿಗಳು ಬರುತ್ತಲೇ ಇದ್ದವು, ಹಾಗಾಗಿ ಇಬ್ಬರೂ ಕಣ್ಣೊರೆಸಿಕೊಳ್ಳಲಿಲ್ಲ.

ಇಳಿಹೊತ್ತಿಗೆ ಸ್ಲ್ಯಾಬ್ ಮುಗಿಯುವುದಕ್ಕೂ ಹುಡುಗಿಯರು ಕಿರಿಚುತ್ತ ಬರುವುದಕ್ಕೂ ಸರಿಹೋಯಿತು. ಮೂರು ಗೋಲಿನಿಂದ ಗೆದ್ದಿದ್ದರು! ಗಣಿತದ ಮಾಸ್ತರರ ಟೋಪಿ ಯಾವುದೋ ಹುಡುಗಿಯ ತಲೆಯ ಮೇಲಿತ್ತು. ಎರಡು ಗೋಲು ಬ್ಯಾಂಕಿನವರ ಮಗಳದು, ಒಂದು ಅವಳ ಗೆಳತಿಯದು. ಮೂರಕ್ಕೂ ಚೆಂಡು ಕೊಟ್ಟವಳು ನನ್ನ ಹುಡುಗಿ. ಸ್ಲ್ಯಾಬ್ ದಿನ ಗುತ್ತಿಗೆದಾರ ಕೆಲಸದವರಿಗೆಲ್ಲ ಊಟ ಹಾಕಿಸುವುದು ಪದ್ಧತಿ. ಅಂದು ತಂಡದವರೂ ಅವರ ಪಂಕ್ತಿಯಲ್ಲೇ ಕೂತು ಅನ್ನ, ಸಾರು, ಶಿರಾ ಉಂಡರು. ನನ್ನ ಅಂಗೈ ಬೊಬ್ಬೆ ಎದ್ದು ತುತ್ತು ಹಿಡಿಯಲಾಗುತ್ತಿರಲಿಲ್ಲ. ತಾಯಿ ಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಉಂಡಳು. ಮಗಳು ಹೋಗುವುದು ಖಾತ್ರಿ ಎಂದು ಎಲ್ಲರಿಗೂ ಅನ್ನಿಸಿತ್ತು. ನನಗಂತೂ ಅನುಮಾನದ ಎಳೆಯೂ ಇರಲಿಲ್ಲ.

ನಾಲ್ಕಾರು ದಿನಕ್ಕೆ ಆಯ್ಕೆಯಾದವರ ಹೆಸರು ತಿಳಿಯಿತು. ಬ್ಯಾಂಕಿನವರ ಮಗಳು, ಅವಳ ಗೆಳತಿ.

ನಾನು ಕೂಡಲೇ ಆಯ್ಕೆ ಮಾಡಿದವರ ಹತ್ತಿರ ಹೋದೆ. ವಯಸ್ಸಾದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ನನಗೆ ಕುರ್ಚಿ ಕೊಟ್ಟ, ಚಹಾ ತರಿಸಿದ. ಒಳ್ಳೆಯ ಮಾತಿನಲ್ಲೇ, ಮರಾಠಿಯಲ್ಲಿ ವಿವರಿಸಿದ. ನಮಗೆ ಬೇಕಾದದ್ದು ಮುನ್ನುಗ್ಗಿ ಆಡುವವರು. ಆ ಹುಡುಗಿ ಶಿಸ್ತಿನವಳು, ಆದರೆ ಇಡೀ ಪಂದ್ಯದಲ್ಲಿ ಗೋಲಿಗೆ ಒಂದೇ ಒಂದು ಸಲ ಹೊಡೆಯಲಿಲ್ಲ. ಕೊನೆಗೆ ಗೋಲಿನ ಮುಂದೆ ಒಬ್ಬಳೇ ಇದ್ದಳು, ಆಗಲೂ ಪಕ್ಕದವಳಿಗೆ ಕೊಟ್ಟುಬಿಟ್ಟಳು. ಹೆದರುತ್ತಾಳೆ.

“ಹೆದರುತ್ತಾಳಾ? ಆ ಮೂರು ಗೋಲಿನಲ್ಲಿ ಅವಳಿಲ್ಲದೆ ಯಾವುದಾಗುತ್ತಿತ್ತು, ಹೇಳಿ!” ಎಂದು ಮೇಜು ಗುದ್ದಿದೆ. ಚಹಾ ಚೆಲ್ಲಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ, ಬಟ್ಟೆ ತರಿಸಿ ಒರೆಸಿದ. ಬೇಸರ ಮಾಡಿಕೊಂಡಿದ್ದರೆ ಇನ್ನಷ್ಟು ಜಗಳವಾಡಬಹುದಿತ್ತು. ಮುಂದಿನ ವರ್ಷ ಕಳಿಸಿ, ನೋಡೋಣ ಎಂದ. ಮುಂದಿನ ವರ್ಷ! ಮುಂದಿನ ವಾರ ಅವಳು ಎಲ್ಲಿರುತ್ತಾಳೆಂದು ನನಗೇ ಗೊತ್ತಿರಲಿಲ್ಲ. ಕೂಗಿದೆ, ಬೇಡಿದೆ, ಮತ್ತೆ ಕೂಗಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಅಲ್ಲಿಂದ ನೇರ ಕಟ್ಟಡಕ್ಕೆ ಬಂದರೆ ಜೋಪಡಿಗಳ ತಗಡು ಬಿಚ್ಚುತ್ತಿದ್ದರು. ಹುಡುಗಿ ಒಂದು ತಗಡಿನ ಮೇಲೆ ಕೂತು ತಂಗಿಯ ತಲೆ ಬಾಚುತ್ತಿದ್ದಳು. ನಾನು ಏನೂ ಹೇಳುವ ಮೊದಲೇ ಅವಳಿಗೆ ತಿಳಿಯಿತು.

“ಕಡೀಕಿ ನೀನೇ ಯಾಕ ಹೊಡೀಲಿಲ್ಲವಾ?” ಎಂದೆ. ಕೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು.

“ಗೋಲ್ ಕಾಯಾಕಿ ನನ್ ಕಡಿ ಬಂದಿದ್ಳ್ರಿ ಅಕ್ಕೋರೆ. ಬ್ಯಾಂಕಿನವ್ರ ಹುಡುಗಿ ಮುಂದ ಯಾರೂ ಇದ್ದಿಲ್ರಿ. ಅದಕ್ಕ ಆಕೀಗಿ ಕೊಟ್ನಿ.” ಬಾಚಣಿಕೆ ನಿಂತಿತು. “ತಪ್ಪಾತೇನ್ರಿ?”

“ಇಲ್ಲ, ನನ್ನವ್ವ. ಛಲೋ ಆಡೀದಿ. ಅದರಂಥಾ ಆಟ ನಾ ಯಾರಿಗೂ ಕಲಿಸಿಲ್ಲ.”

ನಿಜವನ್ನೇ ಹೇಳಿದೆ. ಫುಟ್‌ಬಾಲಿನಲ್ಲಿ ಅವಳು ಮಾಡಿದ್ದು ನೂರಕ್ಕೆ ನೂರು ಸರಿ. ಆ ನಿಜದಿಂದ ಅವಳಿಗೆ ಮೂರು ಕಾಸಿನ ಉಪಯೋಗವಾಗಲಿಲ್ಲ ಎನ್ನುವುದಕ್ಕೆ ನನ್ನ ಎದೆ ಹರಿದುಹೋಯಿತು. ಅವಳು ತಲೆ ಆಡಿಸಿದಳು, ತಂಗಿಯ ಜಡೆಗೆ ರಿಬ್ಬನ್ನು ಸುತ್ತಿದಳು. ಅಳಲಿಲ್ಲ.

ಮಗಳು ದೂರವಾಗುತ್ತಾಳೆಂದು ಹೆದರಿದ್ದ ತಾಯಿಗೆ ಒಳಗೊಳಗೇ ನೆಮ್ಮದಿಯಾಗಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪಾತ್ರೆ ಕಟ್ಟುತ್ತಿದ್ದವಳು ಎದ್ದು ನನ್ನ ಮುಂದೆ ಬಂದು ನಿಂತಳು. ಅಲ್ಲಿಯವರೆಗೆ ಅವಳು ನನ್ನ ಮುಖ ನೋಡಿ ಮಾತಾಡಿದವಳಲ್ಲ.

“ಕೊಡೂದು ನಮಗ ಹುಟ್ಟಿದಾಗ್ಲಿಂದ ಬರ್ತದ್ರಿ ಅಕ್ಕೋರೆ. ಅದನ್ನ ಕಲೀಲಿಕ್ಕಿ ಆಕಿ ಸಾಲೀಗಿ ಬರ್ಬೇಕಿತ್ತೇನ್ರಿ? ಒಮ್ಮೆರ ಇಟ್ಕೊಳ್ಳೂದು ಕಲಿಸಬೇಕಿತ್ತು ನೀವು.”

ಊರಿಗೆಲ್ಲ ಬಾಯಿ ಮಾಡುವ ನಾನು ಅಲ್ಲಿ ಕೂತು ಅವಳ ಪಾತ್ರೆ ಕಟ್ಟತೊಡಗಿದೆ. ಲಾರಿ ಬಂತು. ತಗಡು, ಬೊಂಬು, ಒಲೆ, ಕೋಳಿಗಳು, ಅದರ ಮೇಲೆ ಮಕ್ಕಳು. ಹುಡುಗಿ ಹಿಂದುಗಡೆ ಕೂತು ಕೈ ಬೀಸುತ್ತಲೇ ಹೋದಳು. ನಾನು ಹೊಲಿದುಕೊಟ್ಟ ಚಡ್ಡಿಯನ್ನು ತಂಗಿಗೆ ಹಾಕಿದ್ದಳು.

ಹಬ್ಬದ ಸೂಟಿಯಲ್ಲಿ ಬಾರಾಮತಿಗೆ ಹೋಗಿಬಂದೆ. ಗೋದಾಮು ಎದ್ದಿತ್ತು, ಗುಂಪು ಅಲ್ಲಿರಲಿಲ್ಲ. ಸೋಲಾಪುರದ ಕಡೆ ಹೋದರು ಎಂದು ಒಬ್ಬ, ಇಲ್ಲ ಮುಂಬಯಿಗೆ ಎಂದು ಇನ್ನೊಬ್ಬ. ಕಬ್ಬಿನ ಗಾಡಿಗಳ ನಡುವೆ ಬಸ್ಸಿಗೆ ಕಾಯುತ್ತ ನಿಂತು, ಬಸ್ ಸ್ಟ್ಯಾಂಡಿನಲ್ಲಿ ಜನರ ಎದುರೇ ಅತ್ತುಬಿಟ್ಟೆ. ಆಮೇಲೂ ಬಹಳ ವರ್ಷ, ಎಲ್ಲಿ ಏಣಿಯ ಮೇಲೆ ಸಾಲು ಕಂಡರೂ ಸೈಕಲ್ಲು ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಸಿಗಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಬ್ಯಾಂಕಿನವರ ಮಗಳು ಒಂದು ಸಂಜೆ ಮನೆಗೆ ಬಂದಳು. ಆಟದ ಕೋಟಾದಲ್ಲಿ ರೈಲ್ವೆಯಲ್ಲಿ ನೌಕರಿ ಸಿಕ್ಕಿತ್ತು. ಪೇಢೆ ತಂದು ನನ್ನ ಕಾಲಿಗೆ ಬಿದ್ದಳು. ಒಳ್ಳೆಯ ಹುಡುಗಿ, ಮೊದಲಿನ ಸೊಕ್ಕು ಇರಲಿಲ್ಲ. ನಾನು ಚಹಾಕ್ಕಿಟ್ಟೆ. ಹೊರಗಿನ ಕೋಣೆಯಲ್ಲಿ ನಮ್ಮವರಿಗೆ ಅವಳು ಆ ರವಿವಾರದ ಪಂದ್ಯದ ಕತೆ ಹೇಳುತ್ತಿದ್ದಳು.

“ಅದ ಗೋಲಿನಿಂದ ನನ್ನ ನಸೀಬು ತೆರೀತ್ರಿ ಕಾಕಾ. ಗೋಲ್ ಪೂರಾ ಖಾಲಿ. ಚೆಂಡು ತಾನಾಗೇ ನನ್ನ ಕಾಲಿಗೆ ಬಂದು ಬಿತ್ತು ನೋಡ್ರಿ.”

ನಾನು ಅಡಿಗೆಮನೆಯ ಬಾಗಿಲಿಗೆ ಬಂದೆ. “ಯಾರ್ ಕೊಟ್ರು ಅದನ್ನ?”

ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು. ಹಣೆ ಉಜ್ಜಿಕೊಂಡಳು.

“ನಮ್ಮ ಪೈಕಿನೇ ಯಾರೋ ಇರಬೇಕ್ರಿ ಬಾಯಿ,” ಎಂದಳು. “ಭಾಳ ದಿನ ಆತಲ್ರಿ.”